ಇಪ್ಪತ್ನಾಲ್ಕು ಅಡಿಯ ಕೆರೆ

ಮಳೆಗೆ ಹೆದರುತ್ತೇನೆ ಎಂದು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. "ಹೋಗಾ ಮಾರಾಯ, ತೀರ್ಥಹಳ್ಳಿಲಿ ಹುಟ್ಟಿದವ ಮದ್ರಾಸಿನ ಮಳೆಗೆ ಹೆದರೋದಾ? ಅಲ್ಲಿ ಬರೋದು ಮಳೆಯಾ?" ಎಂದು ಸೋದರಮಾವ ಫೋನಿನಲ್ಲೇ ನಕ್ಕುಬಿಟ್ಟಿದ್ದರು. ಅವರ ಲೆಕ್ಕವೇನೂ ತಪ್ಪಲ್ಲ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಚೆನ್ನೈಯಲ್ಲಿ ಸುರಿಯುವುದು ಸಾವಿರದ ನಾನೂರರ ಆಸುಪಾಸು. ಅದರ ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಹಿಂಗಾರಿನಲ್ಲಿ, ನಾಲ್ಕಾರು ರಾತ್ರಿಗಳಲ್ಲಿ ಬಂದು ಮುಗಿಯುತ್ತದೆ. ಮಾವನಿಗೆ ಗೊತ್ತಿಲ್ಲದ್ದು ಈ ಕೊನೆಯ ಮಾತು.

ನಾನು ಬೆಳೆದ ಮನೆಯಲ್ಲಿ ಮಳೆಗಾಲವೆಂದರೆ ನಿದ್ದೆಯ ಕಾಲ. ಆರಿದ್ರೆ ಹಿಡಿದರೆ ಆಶ್ಲೇಷ ಕಳೆಯುವತನಕ ಹಂಚಿನ ಮೇಲಿನ ಸದ್ದು ನಿಲ್ಲುತ್ತಿರಲಿಲ್ಲ. ಎಲ್ಲಾದರೂ ನಡುರಾತ್ರಿ ನಿಂತರೆ ಆಗ ನಮಗೆ ಎಚ್ಚರವಾಗುತ್ತಿತ್ತು. ಬಚ್ಚಲೊಲೆಯ ಬಿಸಿ, ಕಂಬಳಿ, ಸಂಜೆಗೆ ಸುಟ್ಟ ಹಲಸಿನ ಹಪ್ಪಳ. ತುಂಗೆ ಏರಿದಳೆಂದು ಸುದ್ದಿ ಬಂದರೆ ಪೇಟೆಯವರೆಲ್ಲ ಕೊಡೆ ಹಿಡಿದು ಹೊರಡುತ್ತಿದ್ದರು, ಹೊಳೆಯಲ್ಲಿರುವ ರಾಮಮಂಟಪ ಎಷ್ಟು ಮುಳುಗಿದೆ ಎಂದು ನೋಡಲು. ನೋಡಿ, "ಈ ಸಲ ಅಷ್ಟೇನಿಲ್ಲ" ಎಂದು ಸ್ವಲ್ಪ ನಿರಾಸೆಯಿಂದಲೇ ಹಿಂದಿರುಗುತ್ತಿದ್ದರು. ಹೊಳೆಗೊಂದು ಜಾಗ, ನಮಗೊಂದು ಜಾಗ. ನಾವು ಅದನ್ನು ನೋಡಲು ಹೋಗುತ್ತಿದ್ದೆವೇ ಹೊರತು ಅದು ನಮ್ಮನ್ನು ನೋಡಲು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಗಿಂಡಿಯ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ಚೆನ್ನೈಗೆ ಬಂದೆ. ಮದುವೆಯಾದ ಮೇಲೆ ಜಾಫರ್‌ಖಾನ್‌ಪೇಟೆಯಲ್ಲಿ ಬಾಡಿಗೆ ಮನೆ, ನೆಲಮಹಡಿ. ನಾಲ್ಕು ಹೆಜ್ಜೆ ಹಾಕಿದರೆ ಅಡಯಾರ್ ಹೊಳೆ. ಹೊಳೆ ಎಂದದ್ದು ನನ್ನ ಔದಾರ್ಯ. ವರ್ಷದ ಹತ್ತು ತಿಂಗಳು ಅದು ಕಪ್ಪಗೆ, ನಾರುತ್ತ, ಹರಿಯಬೇಕೋ ಬೇಡವೋ ಎಂದು ಯೋಚಿಸುತ್ತ ಮಲಗಿರುವ ಕೊಳಚೆ. ತುಂಗೆಯನ್ನು ಕಂಡವನಿಗೆ ಅದರ ಮೇಲೆ ಭಯವಿರಲಿ, ಗೌರವವೂ ಹುಟ್ಟಿರಲಿಲ್ಲ.

2015ರ ನವೆಂಬರಿನಲ್ಲಿ ನುಂಗಂಬಾಕ್ಕಂನ ಮಳೆಮಾಪಕದಲ್ಲಿ ದಾಖಲಾದದ್ದು 1,049 ಮಿಲಿಮೀಟರ್. 1918ರ ನಂತರ ಅಂಥ ನವೆಂಬರ್ ಬಂದಿರಲಿಲ್ಲವಂತೆ. ಕೆರೆಗಳು ಆಗಲೇ ತುಂಬಿ ಕೂತಿದ್ದವು. ಡಿಸೆಂಬರ್ 1, ಮಂಗಳವಾರ, ಮತ್ತೆ ಹಿಡಿಯಿತು. ತಾಂಬರಂನಲ್ಲಿ ಒಂದೇ ದಿನಕ್ಕೆ 490 ಮಿಲಿಮೀಟರ್. ಪಶ್ಚಿಮಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಚೆಂಬರಂಬಾಕ್ಕಂ ಕೆರೆಯಿಂದ ಅಡಯಾರಿಗೆ ಬಿಡುವ ನೀರನ್ನು ಸೆಕೆಂಡಿಗೆ 29,000 ಘನ ಅಡಿಗೆ ಏರಿಸಿದರು. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆ ರಾತ್ರಿ ನಮಗೆ ಗೊತ್ತಿದ್ದದ್ದು ಕರೆಂಟಿಲ್ಲ, ಫೋನಿಲ್ಲ, ಹೊರಗೆ ಮಳೆ ಎಂಬಿಷ್ಟೇ. ಊರಿನ ಅಭ್ಯಾಸದಂತೆ ನಾನು ಗಡದ್ದಾಗಿ ಮಲಗಿದ್ದೆ.

"ರೀ, ಚಾಪೆ ಒದ್ದೆ" ಎಂದಳು ಹೆಂಡತಿ.

ನೀರು ಬಾಗಿಲಿನಿಂದ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಬಚ್ಚಲಿನ ತೂಬಿನಿಂದ ಮೇಲಕ್ಕೆ ಬಂತು, ಸದ್ದಿಲ್ಲದೆ. ಹೊರಗಿನ ನೀರು ಹೊಸಿಲು ಮುಟ್ಟುವ ಮೊದಲೇ ಒಳಗಿನದು ಪಾದ ಮುಚ್ಚಿತ್ತು. ಬೀದಿಯಲ್ಲಿ ಯಾರೋ "ತಣ್ಣಿ ವಂದಾಚ್ಚು! ತಣ್ಣಿ ವಂದಾಚ್ಚು!" ಎಂದು ಕೂಗುತ್ತ ಓಡಿದರು. ಮಗಳನ್ನು, ಅವಳ ಪುಸ್ತಕದ ಚೀಲವನ್ನು, ಮನೆ ಕಾಗದಪತ್ರದ ಡಬ್ಬವನ್ನು ಎತ್ತಿಕೊಂಡು ಮೊದಲ ಮಹಡಿಗೆ ಹೋದೆವು. ಮಹಡಿಯ ಅಮ್ಮ ಬಾಗಿಲು ತೆರೆದೇ ಇಟ್ಟುಕೊಂಡು ಮೇಣದಬತ್ತಿ ಹಿಡಿದು ನಿಂತಿದ್ದರು. ಅಲ್ಲಿಂದ ಬೆಳಗಿನವರೆಗೆ ಮೆಟ್ಟಿಲ ಮೇಲೆ ಕೂತು ನಾನು ಕೇಳಿದ್ದು ಒಂದೇ ಸದ್ದು. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರು ತೇಲಿಕೊಂಡು ಗೋಡೆಗೆ ಬಡಿಯುತ್ತಿತ್ತು. ಟಂಗ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಂಗ್. ನೀರು ಏರಿದಂತೆ ಸದ್ದು ಮೇಲಕ್ಕೆ ಬರುತ್ತಿತ್ತು. ಕತ್ತಲಲ್ಲಿ ನೀರಿನ ಮಟ್ಟ ತಿಳಿಯಲು ನನಗೆ ಇದ್ದ ಅಳತೆಗೋಲು ಅದೊಂದೇ.

ಬೆಳಗಾದಾಗ ನೀರು ಕಿಟಕಿಯ ನೆತ್ತಿ ಮುಟ್ಟಿತ್ತು. ನಾವು ಬದುಕಿದೆವು, ಬೇರೆ ಕಡೆ ಎಷ್ಟೋ ಜನ ಬದುಕಲಿಲ್ಲ. ಆ ದಿನ 'ದಿ ಹಿಂದೂ' ಚೆನ್ನೈಯಲ್ಲಿ ಅಚ್ಚಾಗಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆಗೆ ಹಾಗಾದದ್ದು ಅದೇ ಮೊದಲು. ಪ್ರವಾಹದ ಕಾರಣಗಳ ಬಗ್ಗೆ ಮುಂದೆ ಬಹಳ ಜಗಳವಾಯಿತು, ಇದು ಮನುಷ್ಯರೇ ತಂದುಕೊಂಡ ವಿಪತ್ತು ಎನ್ನುವ ಮಹಾಲೇಖಪಾಲರ ವರದಿ 2018ರಲ್ಲಿ ವಿಧಾನಸಭೆಯ ಮುಂದೆ ಬಂತು. ಅದನ್ನು ಓದಿ ಸಿಟ್ಟು ಬಂತು. ಭಯಕ್ಕೆ ಮಾತ್ರ ಅದರಿಂದ ಏನೂ ಆಗಲಿಲ್ಲ. ಭಯಕ್ಕೆ ವರದಿ ಓದಲು ಬರುವುದಿಲ್ಲ.

ಕೆಸರು ಬಾಚಿ, ಗೋಡೆಗೆ ಸುಣ್ಣ ಹೊಡೆಸಿ, ಹೊಸ ಫ್ರಿಜ್ಜಿಗೆ ಕಂತು ಕಟ್ಟುತ್ತಿದ್ದ ತಿಂಗಳುಗಳಲ್ಲಿ ನಾನು ಚೆನ್ನಾಗಿಯೇ ಇದ್ದೆ. ಮನೆಯ ಮಾಲೀಕರು ಅದೇ ಕಟ್ಟಡದ ಮೊದಲ ಮಹಡಿಯ ಇನ್ನೊಂದು ಮನೆಯನ್ನೇ ಕೊಟ್ಟರು. ಇನ್ನೇನು, ಎಲ್ಲ ಸರಿಹೋಯಿತು ಎನ್ನುವಾಗ ಶುರುವಾಯಿತು. ರಾತ್ರಿ ಎರಡು, ಎರಡೂವರೆಗೆ ಧಡಕ್ಕನೆ ಎಚ್ಚರ. ಎದೆ ಹಾರುತ್ತಿರುತ್ತದೆ, ಅಂಗೈ ಬೆವರು, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಎಡಗೈ ಜುಮ್ಮೆನ್ನುತ್ತದೆ, ಹೃದಯಾಘಾತವೇ ಸೈ ಅನಿಸುತ್ತದೆ. ಕೆಟ್ಟ ಕನಸೂ ಬಿದ್ದಿರುವುದಿಲ್ಲ. ಏನೂ ಇಲ್ಲದ ನಿದ್ದೆಯ ನಡುವಿನಿಂದ ಯಾರೋ ಎತ್ತಿ ಕೂರಿಸಿದಂತೆ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಸಾಕು, ಬಚ್ಚಲಿಗೆ ಓಡಿ ತೂಬು ನೋಡುತ್ತಿದ್ದೆ. ಮೊದಲ ಮಹಡಿಯ ಬಚ್ಚಲು!

ತಮಾಷೆಯೆಂದರೆ 2016ರ ಹಿಂಗಾರು ಪೂರ್ತಿ ಕೈಕೊಟ್ಟಿತ್ತು. ಮಳೆಯೇ ಇಲ್ಲ. ಮಳೆಯಿಲ್ಲದ ಊರಿನಲ್ಲಿ ನಾನು ಮಳೆಗೆ ಹೆದರಿ ಏಳುತ್ತಿದ್ದೆ. ಆ ವರ್ಷ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಹಗಲು ಹೊತ್ತಿನಲ್ಲೇ ನಗರದ ಮೇಲೆ ಬಂತು, ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ ಸಾವಿರಾರು ಮರಗಳನ್ನು ಬುಡಸಮೇತ ಕಿತ್ತಿತು. ನಾನು ಕಿಟಕಿಯ ಹತ್ತಿರ ನಿಂತು ಯಾವ ಮರ ಯಾವ ಕಡೆ ಬಿತ್ತು ಎಂದು ಹೆಂಡತಿಗೆ ವರದಿ ಕೊಡುತ್ತಿದ್ದೆ. ಒಂದಿಷ್ಟೂ ಅಳುಕಿಲ್ಲ. ನನ್ನ ಭಯದ ಬೇರು ಮಳೆಯಲ್ಲಿ ಅಷ್ಟಾಗಿ ಇಲ್ಲ, ಕತ್ತಲಲ್ಲಿ ಇದೆ ಎಂಬ ಅನುಮಾನ ಮೊದಲು ಬಂದದ್ದು ಅವತ್ತು. ಹಗಲಿನಲ್ಲಿ ಕಣ್ಣು ಸಾಕ್ಷಿ ಹೇಳುತ್ತದೆ. ರಾತ್ರಿ ಕಿವಿಯೊಂದೇ ಕೆಲಸ ಮಾಡಬೇಕು, ಕಿವಿಗೆ ಒಂದಕ್ಕೆ ಹತ್ತು ಸೇರಿಸಿ ಹೇಳುವ ಚಾಳಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಯಕ್ಕೆ ಇನ್ನೊಂದು ಮೇವು ಸಿಕ್ಕಿತ್ತು. ಕಾವೇರಿ ನೀರಿನ ಗಲಾಟೆ. 12ರ ನಸುಕಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಪೆಟ್ರೋಲ್ ಬಾಂಬ್ ಎಸೆದರು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಅಂದು ರಾತ್ರಿ ನಾವು ಟಿವಿಯ ಸದ್ದು ತಗ್ಗಿಸಿ ಕೂತಿದ್ದೆವು, ಕನ್ನಡ ವಾಹಿನಿ ಹೊರಗೆ ಕೇಳಿಸದಿರಲಿ ಎಂದು. ಮಹಡಿಯ ಅಮ್ಮ ಊಟ ಮುಗಿಸಿ ಹೆಣಿಗೆಯ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಯಾಕೆ ಬಂದೆ ಎಂದು ಹೇಳಲಿಲ್ಲ. ಹನ್ನೊಂದರವರೆಗೆ ಏನೇನೋ ಮಾತಾಡುತ್ತ ಕೂತು, "ಏನಾದರೂ ಆದರೆ ನಮ್ಮ ಬಾಗಿಲು ತಟ್ಟಿ" ಎಂದು ಎದ್ದು ಹೋದರು. ಏನೂ ಆಗಲಿಲ್ಲ. ಆ ರಾತ್ರಿ ನಾನು ಏಳಲೂ ಇಲ್ಲ.

ಧೈರ್ಯ ಹೇಳುವವರಿಗೇನು ಕೊರತೆ! "ಪಯಪ್ಪಡಾದೀಂಗ ಸಾರ್" ಎನ್ನುವವರು ಆಫೀಸಿನಲ್ಲಿ, "ಸುಮ್ನೆ ತಲೆಗೆ ಹಚ್ಕೋಬೇಡ" ಎನ್ನುವವರು ಊರಿನಲ್ಲಿ. ಹೆದರಬೇಡ ಎಂಬ ಮಾತಿನಷ್ಟು ನಿರುಪಯೋಗಿ ಮಾತು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಹೇಳುವವನಿಗೆ ಪುಣ್ಯ, ಕೇಳುವವನಿಗೆ ನಾಚಿಕೆ. ನನ್ನ ಅಮ್ಮ ಮಾತ್ರ ಹೆದರಬೇಡ ಎನ್ನಲಿಲ್ಲ. "ಅರ್ಜುನನ ಹತ್ತು ಹೆಸರು ಹೇಳ್ಕೋ ಮಗಾ, ನಿಧಾನಕ್ಕೆ ಹೇಳ್ಕೋ" ಎಂದಳು. ಗುಡುಗು ಸಿಡಿಲಿಗೆ ಅಜ್ಜಿ ಕಲಿಸಿದ ಮದ್ದು ಅದು. ಐವತ್ತರ ಹತ್ತಿರದ ಗಂಡಸು ನಡುರಾತ್ರಿ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹೇಳುತ್ತ ಕೂರುವುದು ನನಗೇ ವಿಚಿತ್ರವೆನಿಸುತ್ತಿತ್ತು. ಹೇಳಿಕೊಂಡಾಗ ಉಸಿರು ತುಸು ಕೆಳಕ್ಕೆ ಇಳಿಯುತ್ತಿತ್ತು ಎಂಬುದೂ ನಿಜ.

ನಿದ್ದೆಯಿಲ್ಲದ ರಾತ್ರಿಗಳಲ್ಲಿ ಕೆಳಗಿಳಿದು ಗೇಟಿನ ಹತ್ತಿರ ಹೋಗುವ ಅಭ್ಯಾಸವಾಯಿತು. ಅಲ್ಲಿ ವಾಚ್‌ಮನ್ ತಾತಾ ಇರುತ್ತಿದ್ದರು. ಪಟ್ಟಿನಪಾಕ್ಕಂನ ಶ್ರೀನಿವಾಸಪುರಂ ಅವರ ಮೂಲ ಜಾಗ. ಅಡಯಾರ್ ಸಮುದ್ರ ಸೇರುವಲ್ಲಿನ ಮೀನುಗಾರರ ಕೇರಿ ಅದು. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಆ ಕೇರಿಯೊಳಕ್ಕೆ ನುಗ್ಗಿತ್ತು. ತಾತಾ ಕಳೆದುಕೊಂಡದ್ದು ದೋಣಿ, ಬಲೆ, ಮತ್ತು ತಮ್ಮನ ಮಗನನ್ನು. ಮೊದಲೆರಡನ್ನು ಹೇಳುವಾಗ ಬೆಲೆ ಹೇಳುತ್ತಿದ್ದರು, ಮೂರನೆಯದನ್ನು ಹೇಳಿ ಬೀಡಿ ಹಚ್ಚುತ್ತಿದ್ದರು. ಆಮೇಲೆ ಅವರಿಗೂ ರಾತ್ರಿ ನಿದ್ದೆ ಹೋಯಿತು. ಮಗಳ ಮನೆಗೆ ಜಾಫರ್‌ಖಾನ್‌ಪೇಟೆಗೆ ಬಂದು ಈ ರಾತ್ರಿಪಾಳಿಯ ಕೆಲಸ ಹಿಡಿದರು. ಯಾಕೆ ಇದೇ ಕೆಲಸ ಎಂದು ಕೇಳಿದೆ. "ತೂಕ್ಕಂ ವರಲೆ. ಸಂಬಳಮಾವದು ವರಟ್ಟುಮೇ" ಎಂದರು. ನಿದ್ದೆಯಂತೂ ಬರುವುದಿಲ್ಲ, ಸಂಬಳವಾದರೂ ಬರಲಿ.

ನಕ್ಕೆವು ಇಬ್ಬರೂ. ಆದರೆ ಅವರ ಏರ್ಪಾಡು ಬರೀ ನಗೆಯದಲ್ಲ ಎಂದು ಕ್ರಮೇಣ ನೋಡಿದೆ. ತಾತಾ ಗಂಟೆಗೊಮ್ಮೆ ಎದ್ದು ಕಟ್ಟಡಕ್ಕೆ ಒಂದು ಸುತ್ತು ಹಾಕುತ್ತಿದ್ದರು. ಸಂಪಿನ ಮುಚ್ಚಳ, ಮೀಟರ್ ಪೆಟ್ಟಿಗೆ, ಹಿಂದಿನ ಗೇಟು, ಮೋರಿ. ನೋಡಿದ್ದು ಮುಗಿದ ಮೇಲೆ ಕೂರುತ್ತಿದ್ದರು. ಎರಡು ಸುತ್ತಿನ ನಡುವೆ ಏನು ಸದ್ದಾದರೂ ಏಳುತ್ತಿರಲಿಲ್ಲ. "ಅದಕ್ಕೂ ಟೈಮ್ ಇದೆ ಸಾರ್, ಟೈಮಿಗೆ ನೋಡಿದರೆ ಸಾಕು." ನಾನು ಹಾಗಲ್ಲ. ದಿಂಬಿನ ಕೆಳಗೆ ಫೋನು. ಚೆಂಬರಂಬಾಕ್ಕಂನಲ್ಲಿ ಎಷ್ಟು ನೀರಿದೆ ಎಂದು ನೋಡುವುದು, ಮಲಗುವುದು, ಮತ್ತೆ ನೋಡುವುದು. ಚೆನ್ನೈಯವರಿಗೆ 2015ರ ನಂತರ ಇದೊಂದು ಊರಿನ ರೋಗವೇ ಆಗಿದೆ. ಆ ಕೆರೆಯ ಪೂರ್ತಿ ಆಳ 24 ಅಡಿ, ಹಿಡಿಯುವ ನೀರು 3,645 ದಶಲಕ್ಷ ಘನ ಅಡಿ. ಸ್ವಂತ ರಕ್ತದೊತ್ತಡ ನೆನಪಿಲ್ಲದ ಜನ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಮಳೆ ಬಂದರೆ 'ತಮಿಳುನಾಡು ವೆದರ್‌ಮನ್' ಎಂದು ಹೆಸರಾದ ಪ್ರದೀಪ್ ಜಾನ್ ಏನು ಬರೆದಿದ್ದಾರೆ ಎಂದು ನೋಡಿಯೇ ಮಲಗುವವರು ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ. ಅವರು ಹೆದರಬೇಡಿ ಎಂದರೆ ನಿದ್ದೆ. ಅವರು ಬರೆಯುವುದು ತಡವಾದರೆ ವಾಟ್ಸಾಪಿನಲ್ಲಿ ಕೆರೆ ಒಡೆಯಿತಂತೆ ಎಂಬ ಸುಳ್ಳು ಸುದ್ದಿ ಮೊದಲು ತಲುಪುತ್ತದೆ.

ಕೊನೆಗೆ ಹೆಂಡತಿಯೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಮೊದಲು ಹೃದಯದ ಡಾಕ್ಟರು. ಇಸಿಜಿ ಎಲ್ಲ ಸರಿಯಿದೆ ಎಂದು ಮನೋವೈದ್ಯರಿಗೆ ಚೀಟಿ ಬರೆದರು. ಮನೋವೈದ್ಯರು ಎಂದ ಕೂಡಲೆ ನನಗೆ ಕೀಳ್ಪಾಕ್ಕಂ ನೆನಪಾಯಿತು. ನಮ್ಮಲ್ಲಿ ನಿಮ್ಹಾನ್ಸ್ ಹೆಸರು ಹೇಳಿ ತಮಾಷೆ ಮಾಡುವ ಹಾಗೆ ಇಲ್ಲಿ ಕೀಳ್ಪಾಕ್ಕಂ ಹೆಸರು. ಇನ್ನೂರು ವರ್ಷಕ್ಕೂ ಹಳೆಯದಾದ ಆ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು 1961ರಿಂದ 1978ರವರೆಗೆ ನಡೆಸಿದವರು ಡಾ. ಎಂ. ಶಾರದಾ ಮೆನನ್. ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದವರು, ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1923ರಲ್ಲಿ. ನಿವೃತ್ತಿಯ ನಂತರ 1984ರಲ್ಲಿ ಸ್ಕಾರ್ಫ್ ಎಂಬ ಸಂಸ್ಥೆಯನ್ನು ಕಟ್ಟಿ, ತೊಂಬತ್ತೆಂಟರ ವಯಸ್ಸಿನಲ್ಲಿ 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಚಿಕಿತ್ಸೆಯ ಕೊಠಡಿಯ ಹೊರಗೆ ಕಾಯುತ್ತ ಕೂತಿದ್ದಾಗ ಇವರ ಬಗ್ಗೆ ಒಂದು ಹಳೆಯ ಮ್ಯಾಗಜಿನ್ನಿನಲ್ಲಿ ಓದಿದೆ. ಮಂಗಳೂರಿನವರು ಎಂದದ್ದೇ ನನಗೆ ಅರ್ಧ ಧೈರ್ಯ. ಪರವೂರಿನಲ್ಲಿ ಇರುವವರ ಬುದ್ಧಿಯೇ ಹೀಗೆ.

ಒಳಗಿದ್ದ ಡಾಕ್ಟರು ಇನ್ನೂ ಹುಡುಗ. ಸಾವಧಾನದಿಂದ ಕೇಳಿ ವಿವರಿಸಿದ. ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಭಾಗ ಯೋಚಿಸುವ ಭಾಗಕ್ಕಿಂತ ಮೊದಲೇ ಕೆಲಸಕ್ಕೆ ಇಳಿಯುತ್ತದೆ. ಒಮ್ಮೆ ದೊಡ್ಡ ಅಪಾಯ ಕಂಡ ಮೇಲೆ ಸಣ್ಣ ಸದ್ದಿಗೂ ಬಾರಿಸುತ್ತದೆ. ಕನಸಿಲ್ಲದ ನಿದ್ದೆಯಿಂದಲೇ ಹೀಗೆ ಎಬ್ಬಿಸುವ ಭಯದ ದಾಳಿಗಳು ಇವೆ, ಅದರಿಂದ ಯಾರೂ ಸಾಯುವುದಿಲ್ಲ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ಇಳಿಯತೊಡಗುತ್ತದೆ. ಇಷ್ಟು ಹೇಳಿ, "ಅದನ್ನು ಒಂದು ಅಲೆ ಅಂದ್ಕೊಳ್ಳಿ ಸಾರ್. ಬರುತ್ತೆ, ಏರುತ್ತೆ, ನೀವು ಸುಮ್ಮನೆ..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ. ನೆರೆಯಲ್ಲಿ ಮನೆ ಮುಳುಗಿದವನಿಗೆ ಅಲೆಯ ಉಪಮೆ! ಹೆಂಡತಿ ಮೊದಲು ನಕ್ಕಳು, ಆಮೇಲೆ ಡಾಕ್ಟರು, ಆಮೇಲೆ ನಾನು. ಆ ನಗುವಿನಿಂದ ನನಗೆ ಅವನ ಮೇಲೆ ನಂಬಿಕೆ ಹುಟ್ಟಿತು. ಅರ್ಜುನನ ಹೆಸರಿನ ವಿಷಯ ಹೇಳಿದೆ. "ನಮ್ಮ ಪಾಟಿಯೂ ಗುಡುಗಿದರೆ 'ಅರ್ಜುನಾ ಅರ್ಜುನಾ' ಅನ್ನು ಅಂತಿದ್ದರು. ಬಿಡಬೇಡಿ. ಉಸಿರು ಬಿಡುವಾಗ ಒಂದೊಂದು ಹೆಸರು ಹೇಳಿ, ಉದ್ದವಾಗಿ" ಎಂದ. ಮಾತ್ರೆಯನ್ನೂ ಕೊಟ್ಟ, ಸ್ವಲ್ಪ ಕಾಲಕ್ಕೆ. ನಿದ್ದೆಗುಳಿಗೆಯನ್ನು ಸ್ವಂತ ಬುದ್ಧಿಯಿಂದ ಅಂಗಡಿಯಲ್ಲಿ ಕೇಳಿ ತರಕೂಡದು ಎಂದು ಹೆಂಡತಿಯ ಕಡೆ ನೋಡಿ ಹೇಳಿದ.

ಅವನು ಕಲಿಸಿದ್ದರಲ್ಲಿ ನನಗೆ ಹಿಡಿಸಿದ್ದು ಎರಡು. ಹಾಸಿಗೆಯಲ್ಲಿ ಹೊರಳಾಡಕೂಡದು, ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಬಂದು ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಬೇಕು, ತೂಕಡಿಕೆ ಬಂದ ಮೇಲೆಯೇ ಒಳಕ್ಕೆ. ಹಾಸಿಗೆ ಕಂಡರೆ ಮೈಗೆ ನಿದ್ದೆ ನೆನಪಾಗಬೇಕೇ ಹೊರತು ಕಾದಾಟವಲ್ಲ. ಅಮೆರಿಕದ ರಿಚರ್ಡ್ ಬೂಟ್ಜಿನ್ ಎಂಬವರು ಎಪ್ಪತ್ತರ ದಶಕದಲ್ಲೇ ಇದನ್ನು ಹೇಳಿದ್ದರಂತೆ. ಸಪ್ಪೆ ಕೆಲಸವೆಂದರೆ ನಮ್ಮ ಮನೆಯಲ್ಲಿ ಬೇಕಾದಷ್ಟು. ಹುಣಸೆಹಣ್ಣಿನ ಬೀಜ ತೆಗೆದೆ, ಒಗೆದ ಬಟ್ಟೆ ಮಡಚಿದೆ, ಹಳೆಯ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಹೆಂಡತಿ, "ಈ ಕಾಯಿಲೆ ಇನ್ನೊಂದು ವರ್ಷ ಇರಲಿ ಬಿಡಿ" ಎಂದಳು.

ಎರಡನೆಯದು ಚಿಂತೆಗೆ ಹೊತ್ತು ಗೊತ್ತುಮಾಡುವುದು. ಸಂಜೆ ಆರು ಗಂಟೆಗೆ ನೋಟ್‌ಬುಕ್ ಹಿಡಿದು ಕೂರಬೇಕು. ನಡುವೆ ಗೆರೆ. ಎಡಗಡೆ ಹೆದರಿಕೆಗಳು, ಬಲಗಡೆ ಅದಕ್ಕೆ ಇವತ್ತು ಮಾಡಬಹುದಾದ ಕೆಲಸ. ಮಾಡಲು ಏನೂ ಇಲ್ಲದಿದ್ದರೆ ಬಲಗಡೆ ಒಂದು ಅಡ್ಡಗೆರೆ. ಕೆರೆಯ ಮಟ್ಟವನ್ನೂ ಆಗಲೇ ಒಂದು ಸಲ ನೋಡಿ ಬರೆದುಬಿಡಬೇಕು. ರಾತ್ರಿ ಭಯ ಬಂದರೆ, ಬಾರಪ್ಪ, ನಾಳೆ ಆರಕ್ಕೆ ಬಾ ಎನ್ನಬೇಕು. ಕೇಳಿದಾಗ ಹುಡುಗಾಟ ಅನಿಸಿತು. ಆದರೆ ನಾನು ಲೆಕ್ಕ ಬರೆಯುವವನು. ಖಾತೆ ಪುಸ್ತಕದ ಎರಡು ಕಡೆ ಎಂದರೆ ನನ್ನ ಕೈ ತಾನಾಗಿ ಓಡುತ್ತದೆ. ತಾತಾ ಅವರ ಗಂಟೆಯ ಸುತ್ತೂ ಇದೇ ಅಲ್ಲವೇ? ಯಾವ ಡಾಕ್ಟರೂ ಹೇಳಿಕೊಡದೆ ಅವರು ಕಂಡುಕೊಂಡಿದ್ದರು. ಭಯವನ್ನು ಓಡಿಸುವ ಗೋಜಿಗೆ ಹೋಗದೆ ಅದಕ್ಕೆ ಪಾಳಿ ಹಾಕಿಕೊಟ್ಟಿದ್ದರು.

ಮಳೆಯ ಸದ್ದಿನ ಬಾಬತ್ತು ಬೇರೆ. ಅದನ್ನು ಹಗಲಿನಲ್ಲಿ, ನೆಮ್ಮದಿಯ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಕೇಳಿ ಮತ್ತೆ ರೂಢಿ ಮಾಡಿಕೊಳ್ಳಬೇಕೆಂದ. ತಂಗಿ ಜುಲೈನಲ್ಲಿ ಊರಿನ ಮನೆಯ ಜಗಲಿಯಲ್ಲಿ ಕೂತು ಪುಷ್ಯ ಮಳೆಯನ್ನು ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದಳು. ನಡುವೆ ಅಮ್ಮ ಕೆಮ್ಮುವುದು, ದನ ಕೂಗುವುದು, "ಏ, ಸೌದೆ ಒಳಗೆ ತಂದ್ಯಾ?" ಎಂದು ಯಾರೋ ಕೇಳುವುದು. ಭಾನುವಾರ ಮಧ್ಯಾಹ್ನ, ಚೆನ್ನೈಯ ಬಿಸಿಲಿನಲ್ಲಿ, ಊಟವಾದ ಮೇಲೆ ಅದನ್ನು ಹಾಕಿಕೊಂಡು ಕೂರುತ್ತಿದ್ದೆ. ಮೊದಮೊದಲು ಎದೆ ಬಡಿದುಕೊಂಡರೂ ದಿನ ಕಳೆದಂತೆ ಆ ಸೌದೆಯನ್ನು ಒಳಗೆ ತಂದರೋ ಇಲ್ಲವೋ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಯಿತು. ತಂಗಿಯನ್ನು ಕೇಳಿದೆ. ತಂದಿರಲಿಲ್ಲವಂತೆ.

2019ರ ಬೇಸಿಗೆ ಬಂತು. ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಹೆಚ್ಚುಕಡಿಮೆ ಬತ್ತಿದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ಇಪ್ಪತ್ತೈದು ಲಕ್ಷ ಲೀಟರ್ ನೀರು ಹೊತ್ತ ರೈಲು ವಿಲ್ಲಿವಾಕ್ಕಂಗೆ ಬಂದು ನಿಂತಾಗ ಅದಕ್ಕೆ ಹೂವಿನ ಹಾರ. ಕಾವೇರಿ ನೀರು ಅದು. ನಡುರಾತ್ರಿ ಲಾರಿಯ ಹಾರ್ನ್ ಕೇಳಿದರೆ ಇಡೀ ಬೀದಿ ಕೊಡ ಹಿಡಿದು ಕೆಳಗಿಳಿಯುತ್ತಿತ್ತು. ಎರಡೂವರೆಗೆ ಎಚ್ಚರವಿರುವುದಕ್ಕೆ ಆ ಬೇಸಿಗೆಯಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಎಲ್ಲರ ಬಾಗಿಲು ಬಡಿಯುವ ಕೆಲಸ ನನ್ನದು ಮತ್ತು ತಾತಾ ಅವರದು.

ಆ ಜೂನಿನಲ್ಲೇ ಒಂದು ಭಾನುವಾರ ತಾತಾ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚೆಂಬರಂಬಾಕ್ಕಂಗೆ ಹೋದೆ. ಕುಂಡ್ರತ್ತೂರು ದಾಟಿ ಹೋಗಬೇಕು. ಅರವತ್ತಮೂವರು ಪುರಾತನರ ಕಥೆಯನ್ನು ತಮಿಳಿನಲ್ಲಿ ಬರೆದ ಸೇಕ್ಕಿಳಾರ್ ಹುಟ್ಟಿದ ಊರದು. ನಮ್ಮ ಹರಿಹರನ ರಗಳೆಗಳಿಂದ ಆ ಶರಣರಲ್ಲಿ ಕೆಲವರ ಪರಿಚಯ ನನಗಿತ್ತು. ಕೆರೆಯ ಏರಿ ಹತ್ತಿ ನೋಡಿದರೆ ಕಣ್ಣು ಹೋಗುವವರೆಗೆ ಒಡೆದ ನೆಲ, ಅಲ್ಲಲ್ಲಿ ಹಸಿರು ಕುರುಚಲು, ದೂರದಲ್ಲಿ ಒಂದಿಷ್ಟು ಕೆಸರು, ಮೇಯುತ್ತಿದ್ದ ಎಮ್ಮೆಗಳು. ಎಷ್ಟೋ ರಾತ್ರಿ ಇದರ ಮಟ್ಟವನ್ನು ಫೋನಿನಲ್ಲಿ ನೋಡಿದ್ದೆ. ಕೆರೆಯನ್ನೇ ನೋಡಿದ್ದು ಅವತ್ತು ಮೊದಲು. ಅಡಿಗಳನ್ನು ಗುರುತು ಮಾಡಿದ ಕಂಬ ಬಿಸಿಲಿನಲ್ಲಿ ಬೆತ್ತಲೆ ನಿಂತಿತ್ತು. ತಾತಾ ಸಮುದ್ರದವರು, ಅವರಿಗೆ ಇಪ್ಪತ್ನಾಲ್ಕು ಅಡಿ ಎಂದರೆ ಏನೂ ಅಲ್ಲ. "ಇಷ್ಟೇನಾ ಸಾರ್? ಇದಕ್ಕಾ ಇಷ್ಟು ದಿನ?" ಎಂದರು. ಅವರೂ ನಗುತ್ತಿದ್ದರು ಮಾವನ ಹಾಗೆಯೇ. ಆದರೆ ಇವರ ನಗು ನನಗೆ ನೋಯಲಿಲ್ಲ. ರಾತ್ರಿ ಎರಡೂವರೆ ಗಂಟೆ ಹೇಗಿರುತ್ತದೆ ಎಂದು ಗೊತ್ತಿದ್ದವರ ನಗು ಅದು.

ಭಯ ಅಲ್ಲಿಗೆ ಮುಗಿಯಿತು ಎಂದರೆ ಸುಳ್ಳಾದೀತು. ಬರುವುದು ಕಡಿಮೆಯಾಯಿತು. ಬಂದರೂ ಹತ್ತು ನಿಮಿಷ ಇದ್ದು ಹೋಗುವ ನೆಂಟನಾಯಿತು. ತಾತಾ ಕೊರೋನಾ ಕಾಲದಲ್ಲಿ ಮಗಳ ಜೊತೆ ತಿರುವಳ್ಳೂರಿನ ಕಡೆಗೆ ಹೋದರು. ನನ್ನ ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹಿಡಿದಳು. ಅವಳಿಗೂ ಮಳೆಗಾಲದಲ್ಲಿ ನಿದ್ದೆ ಕೆಡುತ್ತದೆ ಎಂದು ತಿಳಿದದ್ದು ಆಮೇಲೆ. ಅಪ್ಪನಿಗೆ ಇನ್ನೊಂದು ಚಿಂತೆ ಬೇಡ ಎಂದು ಮುಚ್ಚಿಟ್ಟಿದ್ದಳು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ, 14416ಕ್ಕೆ, ಒಂದು ರಾತ್ರಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಿದಳಂತೆ. ನಾನು ಸ್ಕೂಟರು, ಕೆರೆ, ಹುಣಸೆಹಣ್ಣು ಎಂದು ಎಷ್ಟೋ ದೂರ ಸುತ್ತಿದ್ದೆ. ಈ ಮಕ್ಕಳು ನೇರ ಹೋಗುತ್ತಾರೆ.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಬಂತು. 3ರ ಸಂಜೆಯಿಂದ 4ರವರೆಗೆ ಬಿಡದೆ ಸುರಿದು, ಚಂಡಮಾರುತ ಉತ್ತರಕ್ಕೆ ಹೋಗಿ 5ರಂದು ಆಂಧ್ರದ ಬಾಪಟ್ಲಾ ಬಳಿ ದಡ ಹತ್ತಿತು. ವೇಳಚ್ಚೇರಿ, ಪಳ್ಳಿಕರಣೈ ಕಡೆಯವರ ಪಾಡು ಹೇಳತೀರದು. ನಮ್ಮಲ್ಲಿ ಬೀದಿಯಲ್ಲಿ ಮೊಣಕಾಲುದ್ದ ನಿಂತಿತು. ನಾವು ಮೊದಲಿದ್ದ ನೆಲಮಹಡಿಯಲ್ಲಿ ಮಧುರೈ ಕಡೆಯ ಹುಡುಗ ಹುಡುಗಿ, ಕೈಗೂಸು ಬೇರೆ, ಬಾಡಿಗೆಗೆ ಬಂದು ಆರು ತಿಂಗಳಾಗಿರಲಿಲ್ಲ. ಬೆಳಕಿರುವಾಗಲೇ ನಾನೂ ಹೆಂಡತಿಯೂ ಕೆಳಗಿಳಿದೆವು. ಬಚ್ಚಲಿನ ತೂಬಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮರಳು ಕಟ್ಟಿ ಗಿಡಿದೆವು, ಫ್ರಿಜ್ಜನ್ನು ಮೇಜಿನ ಮೇಲೆ ಏರಿಸಿದೆವು. ಸಿಲಿಂಡರಿನ ರೆಗ್ಯುಲೇಟರು ಬಿಚ್ಚಿ, ಕೊರಳಿಗೆ ನೈಲಾನ್ ಹಗ್ಗ ಹಾಕಿ, ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿದೆ. ಅದು ಯಾಕೆಂದು ಹುಡುಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಗದಪತ್ರ, ತೊಟ್ಟಿಲು ಎಲ್ಲ ಹೊತ್ತು ಮೂವರನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದೆವು.

ರಾತ್ರಿ ಕರೆಂಟು ಹೋಯಿತು. ಅವಳು ಮಗುವನ್ನು ತಟ್ಟುತ್ತ, ಅವನು ಐದು ನಿಮಿಷಕ್ಕೊಮ್ಮೆ ಟಾರ್ಚ್ ಹಿಡಿದು ಮೆಟ್ಟಿಲಿಗೆ ಹೋಗಿ ನೋಡುತ್ತ ಇದ್ದರು. ಕೊನೆಗೆ ಬಂದು ನನ್ನೆದುರು ಕೂತ. "ನಿಮಗೆ ಭಯ ಆಗ್ತಿಲ್ಲವಾ ಸಾರ್? 2015ರಲ್ಲಿ ಇಲ್ಲೇ ಇದ್ದವರಂತೆ ನೀವು?"

"ನಾನು ಆರು ಗಂಟೆಗೇ ಹೆದರಿ ಮುಗಿಸಿದ್ದೇನಪ್ಪ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನೋಟ್‌ಬುಕ್ ತೆಗೆದು ಟಾರ್ಚ್ ಬೆಳಕಿನಲ್ಲಿ ಆ ದಿನದ ಪುಟ ತೋರಿಸಿದೆ, ಕನ್ನಡದ್ದನ್ನು ತಮಿಳಿನಲ್ಲಿ ಓದಿ ಹೇಳಿದೆ. ಎಡಗಡೆ, ಕೆಳಮನೆಯ ಮಗು. ಬಲಗಡೆ, ಬೆಳಕಿರುವಾಗಲೇ ಮೇಲೆ ಕರೆದುಕೊಂಡು ಬರುವುದು. ಎಡಗಡೆ, ಕೆರೆಯ ನೀರು ಬಿಡುತ್ತಾರೋ ಏನೋ. ಬಲಗಡೆ, ಅಡ್ಡಗೆರೆ. ಗಂಡನ ಭುಜದ ಮೇಲಿಂದ ನೋಡುತ್ತಿದ್ದ ಹುಡುಗಿ, "ನನಗೂ ಒಂದು ಹಾಳೆ ಕೊಡಿ ಸಾರ್" ಎಂದಳು. ಹರಿದುಕೊಟ್ಟೆ. ನಡುವೆ ಗೆರೆ ಎಳೆದು, ಬಹಳ ಹೊತ್ತು ಯೋಚಿಸಿ, ಎಡಗಡೆ ತಮಿಳಿನಲ್ಲಿ 'ಪಾಪುವಿನ ಹಾಲಿನ ಪುಡಿ, ಒದ್ದೆಯಾದರೆ?' ಎಂದು ಬರೆದಳು. ಬಲಗಡೆ ಏನು ಬರೆಯುವುದೆಂದು ನನ್ನ ಮುಖ ನೋಡಿದಳು.

"ನಮ್ಮನೆ ಮೇಲಿನ ಕಪಾಟು ಅಂತ ಬರೀಮ್ಮ" ಎಂದು ಒಳಗಿನಿಂದ ಹೆಂಡತಿ ತಮಿಳಿನಲ್ಲಿ ಕೂಗಿದಳು, "ಆಗಲೇ ಇಟ್ಟಾಯ್ತು."